ಸುವಾರ್ತಮ್ಮನ ಸ್ವಾಗತ

ಮಕ್ಕಳೇ, ಕಾಡಿನ ನಡುವೆ ಒಂದು ಕೆರೆ, ಕೆರೆಯ ನಡುವೆ ಒಂದು ನಡುಗಡ್ಡೆ. ಅಲ್ಲಿ ಬಾತುಕೋಳಿಗಳ ಸಭೆಯೊಂದು ಇತ್ತು. ಭಾನುವಾರ ಬೆಳಿಗ್ಗೆ ಎಲ್ಲವೂ ದಡದ ಹೊಂಗೆಮರದಡಿ ಕೂಡಿ ಏಸುಸ್ವಾಮಿಗೆ ಪ್ರಾರ್ಥನೆ ಮಾಡುತ್ತಿದ್ದವು. ದಡದಲ್ಲಿ ನರಿಯ ಕಾಟ. ಅದಕ್ಕೇ ಸಂಜೆಯಾಗುವ ಮೊದಲೇ ನಡುಗಡ್ಡೆ ಸೇರುತ್ತಿದ್ದವು. ಯಾರಾದರೂ ಮನೆಗೆ ಕರೆಯದೆ ಹೊರಗಿನವರು ಅಲ್ಲಿ ಕಾಲಿಡುವಂತಿರಲಿಲ್ಲ.

ಬಂದವರನ್ನು ಸ್ವಾಗತಿಸುವುದರಲ್ಲಿ ಸುವಾರ್ತಮ್ಮ ಎಂಬ ಬಾತುಕೋಳಿಯನ್ನು ಮೀರಿಸಿದವರಿಲ್ಲ. ಹಾಗಂತ ಅವಳೇ ಹೇಳಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಕೆಂಚಿ ಎಂಬ ನೀರುಕೋಳಿ ತನ್ನ ಒಂದೇ ಮರಿಯನ್ನು ಕಟ್ಟಿಕೊಂಡು ಬಂದಳು.

"ಏಸುಸ್ವಾಮಿ ಯಾರನ್ನೂ ಹೊರಗೆ ತಳ್ಳೋದಿಲ್ಲವಂತಲ್ಲ, ಅದನ್ನು ಕೇಳಿ ಬಂದೆ" ಎಂದಳು.

"ಬಾ ತಂಗಿ, ಬಾ! ಮುಂದೆ ನಿಲ್ಲು, ಎಲ್ಲರೂ ನೋಡಲಿ!" ಎಂದು ಸುವಾರ್ತಮ್ಮ ಸ್ವಾಗತದ ಹಾಡು ಎತ್ತಿದಳು. ಎಲ್ಲರೂ ದನಿಗೂಡಿಸಿದರು. ಮರಿ ಬಾಯಿ ಬಿಟ್ಟುಕೊಂಡು ಕೇಳಿತು.

ಪ್ರಾರ್ಥನೆ ಮುಗಿದ ಮೇಲೆ ಕೆಂಚಿ ಮೆಲ್ಲಗೆ ಕೇಳಿದಳು: "ಅಕ್ಕ, ನಡುಗಡ್ಡೆಯಲ್ಲಿ ನಮಗೊಂದು ಮೂಲೆ ಸಿಕ್ಕೀತಾ? ಮರಿ ಚಿಕ್ಕದು."

ಸುವಾರ್ತಮ್ಮನ ಮನೆಯಲ್ಲಿ ಮೆತ್ತನೆಯ ಗೂಡೊಂದು ಖಾಲಿಯೇ ಇತ್ತು. ಕ್ರಿಸ್‌ಮಸ್ಸಿಗೆ ಬರುವ ಬೋಧಕ ಕೊಕ್ಕರೆ ಅಯ್ಯನವರಿಗೆಂದು ಎತ್ತಿಟ್ಟದ್ದು. ಕೆಂಚಿಯ ಕೆಸರುಗಾಲು ಅವಳ ಕಣ್ಣಿಗೆ ಬಿತ್ತು.

"ಅಯ್ಯೋ, ಅದನ್ನೂ ಕೇಳಬೇಕಾ! ಯಾರಾದರೂ ಕರೆದುಕೊಂಡು ಹೋಗ್ತಾರೆ ಬಿಡು. ನಿನಗಾಗಿ ನಾನು ಪ್ರಾರ್ಥನೆ ಮಾಡ್ತೀನಿ" ಎಂದು ನೀರಿಗಿಳಿದಳು.

ಸಂಜೆ ಗಂಡ ಸಮಾಧಾನಪ್ಪ ಕೇಳಿದ: "ಆ ನೀರುಕೋಳಿ ಎಲ್ಲಿ?"

"ದೀನಮ್ಮನ ಮನೆಗೆ ಹೋಗಿರಬೇಕು."

ಪಕ್ಕದ ಗೂಡಿನ ದೀನಮ್ಮ, ಸುವಾರ್ತಮ್ಮನ ಮನೆಗೆ ಹೋಗಿರಬೇಕು ಅಂದುಕೊಂಡಿದ್ದಳು. ಉಳಿದವರೂ ಹಾಗೇ. ಸುವಾರ್ತಮ್ಮ ಕೊಟ್ಟ ಮಾತಿನಂತೆ ಕೆಂಚಿಗಾಗಿ ಪ್ರಾರ್ಥಿಸಿದಳು. ಆಮೇಲೆ ಎಲ್ಲರೂ ಸೇರಿ ಗಂಟಲು ಬಿಚ್ಚಿ ಹಾಡಿದರು.

ಬೆಳಿಗ್ಗೆ ಸುವಾರ್ತಮ್ಮ ದಡಕ್ಕೆ ಬಂದಾಗ ಜೊಂಡಿನ ಬಳಿ ಕೆಂಚಿ ಒಬ್ಬಳೇ ಕೂತಿದ್ದಳು. ಮುಂದೆ ನಾಲ್ಕಾರು ಎಳೆಯ ಪುಕ್ಕ.

ಸುವಾರ್ತಮ್ಮ ಹತ್ತಿರ ಓಡಿದಳು. "ಅಯ್ಯೋ ತಂಗಿ! ಒಂದು ಸಲ ಕೂಗಬಾರದಿತ್ತಾ?"

"ಕೂಗಿದೆ ಅಕ್ಕ. ನೀವು ಹಾಡ್ತಿದ್ರಿ."

ಸುವಾರ್ತಮ್ಮ ನಡುಗಡ್ಡೆಯ ಕಡೆ ತಿರುಗಿ ನೋಡಿದಳು.

"ಹಾಡು ಇಲ್ಲಿಗೆ ಚೆನ್ನಾಗಿ ಕೇಳಿಸ್ತಿತ್ತು" ಎಂದಳು ಕೆಂಚಿ. "ಮರಿ ಕೇಳಿಸಿಕೊಳ್ಳೋಕೆ ಅಂತ ನೀರಿನಂಚಿಗೆ ಹೋಯಿತು. ನರಿ ಬಂದದ್ದು ಅದಕ್ಕೆ ತಿಳಿಯಲೇ ಇಲ್ಲ."

"ಬಾ, ಈಗಲೇ ಬಾ. ಗೂಡು ಖಾಲಿ ಇದೆ."

"ನಿನ್ನೆಯೂ ಖಾಲಿ ಇತ್ತಾ?"

ಕೆಂಚಿ ಎದ್ದು, ಹಿಂತಿರುಗಿ ನೋಡದೆ ಕಾಡಿನ ಕಡೆ ನಡೆದುಹೋದಳು.

ನೀತಿ: ದೇವರ ಮನೆಗೆ ಬಂದವರಿಗೆ ಮೊದಲು ನಿಮ್ಮ ಮನೆಯಲ್ಲಿ ಜಾಗ ಕೊಡಿ, ಸ್ವಾಗತದ ಹಾಡು ಆಮೇಲೆ ಹಾಡಿದರಾಯಿತು.