ಅರಸರ ವೇಷಕ್ಕೆ ಅರಸರ ಊಟ

ಹೊಳೆಸಾಗರದ ಪೇಟೆಯಲ್ಲಿ ಊಟದ ಮನೆ ಇಟ್ಟಿದ್ದ ಅಡಿವೆಪ್ಪ ನವರಾತ್ರಿಗೆ ಡಂಗುರ ಹೊಡೆಸಿದ. ವೇಷ ಹಾಕಿಕೊಂಡು ಬಂದವರಿಗೆ ಹಬ್ಬ ಮುಗಿಯುವವರೆಗೂ ಪುಕ್ಕಟೆ ಊಟ. ಯಾರ ವೇಷವೋ ಅವರು ಏನು ಉಣ್ಣುತ್ತಾರೋ ಅದನ್ನೇ ಬಡಿಸಲಾಗುವುದು.

ಮೊದಲರ್ಧ ಕೇಳಿದ್ದೇ ಎಂಕಣ್ಣನ ಹಗಲುವೇಷದ ಮೇಳ ದೂರದೂರಿನಿಂದ ನಡೆದು ಬಂತು. ದೇವರ ವೇಷ ಹಾಕಿ ಊರೂರು ಸುತ್ತಿ ಹೊಟ್ಟೆ ಹೊರೆಯುವ ಜನ. ಇಂಥ ಕರೆ ಅವರಿಗೆ ಜನ್ಮದಲ್ಲಿ ಬಂದಿರಲಿಲ್ಲ. ಎರಡನೆಯ ಅರ್ಧ ತಿಳಿದದ್ದು ಎಲೆಯ ಮುಂದೆ ಕೂತ ಮೇಲೆ. ವಿಷ ಕುಡಿದವನಲ್ಲವೇ ನೀನು ಎಂದು ಶಿವನಿಗೆ ಒಂದು ಲೋಟ ಬೇವಿನ ಕಷಾಯ ಬಂತು. ವನವಾಸದಲ್ಲಿ ಇನ್ನೇನು ತಿಂದೆ ಎಂದು ರಾಮನಿಗೆ ಹಸಿ ಗೆಣಸು. ಎಂಕಣ್ಣ ಸೀರೆ ಉಟ್ಟು ಪಾರ್ವತಿಯಾಗಿದ್ದ. ತಪಸ್ಸಿಗೆ ಕೂತಾಗ ಎಲೆ ಕೂಡ ಬಿಟ್ಟವಳಲ್ಲವೇನಮ್ಮ ಎಂದು ಅಡಿವೆಪ್ಪ ಅವನ ಮುಂದಿದ್ದ ಬಾಳೆಲೆಯನ್ನೇ ಎತ್ತಿಕೊಂಡು ಹೋದ.

ಅರಸ ಸೋಮಭೂಪನಿಗೆ ಮಾತ್ರ ಆ ಡಂಗುರ ಬಹಳ ಹಿಡಿಸಿತು. ಅಡಿವೆಪ್ಪನಿಗೆ ಅನ್ನದಾನಿ ಎಂಬ ಬಿರುದು, ಮೇಲೊಂದು ಚಿನ್ನದ ಕಡಗ ಎಂದು ಆಸ್ಥಾನದಲ್ಲಿ ಹೇಳಿಬಿಟ್ಟ. ಅಲ್ಲಿ ಉಂಡವನೊಬ್ಬನೂ ಇನ್ನೂ ತೇಗಿಲ್ಲ ಎಂದು ಆಸ್ಥಾನದ ವಿದೂಷಕ ಬಾಚರಸ ನಡುವೆ ಬಾಯಿ ಹಾಕಿದ. ಕೊಟ್ಟ ಮಾತಿಗೆ ಅವನು ತಪ್ಪಿಲ್ಲವಲ್ಲ, ವೇಷ ಆರಿಸಲು ಬಾರದವರದೇ ತಪ್ಪು ಎಂದು ಅರಸ ನಕ್ಕ.

"ನಾಳೆ ನೀನೇ ಆ ಮೇಳ ಕಟ್ಟಿಕೊಂಡು ಹೋಗು. ಎಲ್ಲರೂ ಹೊಟ್ಟೆ ತುಂಬ ಉಂಡು ಬಂದರೆ ಕಡಗ ಅವರಿಗೆ. ಇಲ್ಲದಿದ್ದರೆ ನಿನ್ನ ಮೀಸೆ ಇಲ್ಲೇ, ಎಲ್ಲರೆದುರು ಬೋಳಿಸೋದು."

ಬಾಚರಸನದು ಅಂತಿಂಥ ಮೀಸೆಯಲ್ಲ. ಅವನ ಹೆಂಡತಿ ಮದುವೆಗೆ ಒಪ್ಪಿದ್ದು ಅವನನ್ನು ನೋಡಿ ಅಲ್ಲ, ಅದನ್ನು ನೋಡಿ ಎಂದು ಊರು ಆಡಿಕೊಳ್ಳುತ್ತಿತ್ತು. ಹೆಂಡತಿಯೂ ಅಲ್ಲಗಳೆದಿರಲಿಲ್ಲ.

ಮಾರನೆಯ ಮಧ್ಯಾಹ್ನ ಅಡಿವೆಪ್ಪನ ಪಡಸಾಲೆಯಲ್ಲಿ ಒಂದು ಸಾಲು ಜನ ಹರಕು ಕಂಬಳಿ ತಲೆತುಂಬ ಹೊದ್ದು ಕೂತಿದ್ದರು. ಬಣ್ಣವಿಲ್ಲ, ಕಿರೀಟವಿಲ್ಲ. ಈ ತುದಿಯ ಕಂಬಳಿಯಿಂದ ಬಾಚರಸನ ಮೀಸೆ ಮಾತ್ರ ಹೊರಗೆ ಕಾಣುತ್ತಿತ್ತು.

"ಏನು ಸ್ವಾಮಿ, ಕುರಿ ಕಾಯೋರ ವೇಷವೋ? ಒಂದೊಂದು ಒಣರೊಟ್ಟಿ ಹಾಕಿಸ್ತೀನಿ" ಎಂದ ಅಡಿವೆಪ್ಪ.

"ಅಲ್ಲ ಅಡಿವೆಪ್ಪನವರೇ. ಇದು ಅರಸರ ವೇಷ" ಎಂದ ಬಾಚರಸ.

ಅಡಿವೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಅರಸರು ಯಾವತ್ತು ಸ್ವಾಮಿ ಹರಕು ಕಂಬಳಿ ಹೊದ್ದಿದ್ದು?"

"ಮೊನ್ನೆ ಸಂತೆಯಲ್ಲಿ."

ನಗು ಅಲ್ಲಿಗೇ ನಿಂತಿತು. ಮಾರುವೇಷದಲ್ಲಿ ಊರು ಸುತ್ತುವುದು ಸೋಮಭೂಪನ ಹುಚ್ಚು. ಯಾವಾಗಲೂ ಅದೇ ಹರಕು ಕಂಬಳಿ. ಊರಿಗೆ ಊರೇ ಗುರುತು ಹಿಡಿಯುತ್ತಿತ್ತು. ಆದರೆ ಹಿಡಿದೆವೆಂದು ತೋರಿಸಿಕೊಂಡರೆ ಅರಸನಿಗೆ ಮುನಿಸು ಬರುತ್ತಿತ್ತು, ಆ ಮುನಿಸು ಮುಂದೆ ಕಂದಾಯದಲ್ಲಿ ಕಾಣುತ್ತಿತ್ತು. ಹಾಗಾಗಿ ಕಂಬಳಿ ಎದುರಾದರೆ ಎಲ್ಲರೂ, ನಿಮ್ಮ ಕಡೆ ಮಳೆ ಹೇಗಪ್ಪ ಎಂದು ಕೇಳಿ ದಾರಿ ಬಿಡುತ್ತಿದ್ದರು.

ಅಡಿವೆಪ್ಪ ಬೇಗ ಸುಧಾರಿಸಿಕೊಂಡ. ಕಂಬಳಿ ಹೊದ್ದವರೆಲ್ಲ ಅರಸರಾದರೆ ನಾಡಿನ ಕುರಿ ಕಾಯುವವರು ಯಾರು ಎಂದು ಗೊಣಗುತ್ತ, ಆ ತುದಿಯಲ್ಲಿ ಕೂತವನ ಎಲೆಗೆ ಒಣರೊಟ್ಟಿ ಎಸೆದ.

ಆ ಕಂಬಳಿಯವನು ರೊಟ್ಟಿ ಮುಟ್ಟಲಿಲ್ಲ.

"ಇದರ ರುಚಿ ನೋಡಿದವರು ಯಾರು?" ಎಂದು ಕೇಳಿದ.

ಅಡಿವೆಪ್ಪ ರೊಟ್ಟಿಯ ಬುಟ್ಟಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ತಾನು ಉಣ್ಣುವ ಮೊದಲು ಇನ್ನೊಬ್ಬರಿಂದ ರುಚಿ ನೋಡಿಸುವವನು ಆ ನಾಡಿಗೆಲ್ಲ ಒಬ್ಬನೇ. ಮೀಸೆ ಸೋಲುವುದನ್ನು ಕಣ್ಣಾರೆ ನೋಡಲು ಅರಸ ಬಾರದೆ ಇರಲಾರ ಎಂದು ಬಾಚರಸ ಒಂದು ಎಲೆ ಹೆಚ್ಚಿಗೇ ಹಾಕಿಸಿದ್ದ.

ಈಗ ಅರಸನಿಗೆ ಒಣರೊಟ್ಟಿ ಹಾಕುವ ಹಾಗಿಲ್ಲ. ಅವನೊಬ್ಬನಿಗೇ ಹೋಳಿಗೆ ಬಡಿಸಿದರೆ ಗುರುತು ಹಿಡಿದ ಹಾಗೆ. ಕಂದಾಯ ನೆನೆದುಕೊಂಡು ಅಡಿವೆಪ್ಪ ಇಡೀ ಸಾಲಿಗೆ ಹೋಳಿಗೆ, ತುಪ್ಪ, ಚಿತ್ರಾನ್ನ, ಗಸಗಸೆ ಪಾಯಸ ಬಡಿಸಿದ. ಪ್ರತಿ ಪಾತ್ರೆಯಿಂದಲೂ ಮೊದಲು ತಾನೇ ರುಚಿ ನೋಡಿದ. ಎಂಕಣ್ಣ ಎಲೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡೇ ಉಂಡ.

ಸಂಜೆ ಅರಸ ಸೋಲೊಪ್ಪಿ ಕಡಗವನ್ನು ಎಂಕಣ್ಣನ ಕೈಗೆ ತೊಡಿಸಿದ. ಆಮೇಲೆ ಬಾಚರಸನ ಕಡೆ ತಿರುಗಿ, ನಿನ್ನ ಮೀಸೆ ಉಳಿದದ್ದು ನನ್ನ ಬಾಯಿಂದ, ನನಗೇನು ಕೊಡುತ್ತೀಯ ಎಂದು ಕೆಣಕಿದ.

"ಕೊಡಬೇಕಾದವರು ತಾವು, ಪ್ರಭು" ಎಂದ ಬಾಚರಸ. "ಪುಕ್ಕಟೆ ಊಟ ವೇಷ ಹಾಕಿದವರಿಗೆ ಮಾತ್ರ. ಅರಸರ ವೇಷ ಹಾಕಿದ್ದು ನಾವು. ತಾವು ಅರಸರೇ. ತಮ್ಮ ಎಲೆಯ ದುಡ್ಡು ಅಡಿವೆಪ್ಪನವರಿಗೆ ಹಾಗೇ ನಿಂತಿದೆ."

ಅರಸ ನಕ್ಕು ನಕ್ಕು ಸಿಂಹಾಸನದಿಂದ ಅರ್ಧ ಜಾರಿದ. ಆ ಹಬ್ಬದಲ್ಲಿ ಅಡಿವೆಪ್ಪನಿಗೆ ದಕ್ಕಿದ್ದು ಅದೊಂದು ಎಲೆಯ ದುಡ್ಡು. ಅದಕ್ಕೂ ಅರಸ ಚೌಕಾಸಿ ಮಾಡಿದ. ಹೋಳಿಗೆಗೆ ಏಲಕ್ಕಿ ಕಡಿಮೆಯಿತ್ತಂತೆ.