ದರ್ಜಿಯ ಮನೆಯ ಚಿತ್ರದ ಕಪಾಟು

"ಗುರುಗಳೇ, ಹಿಂದಿನದನ್ನು ಇದ್ದ ಹಾಗೆಯೇ ಕಾಪಾಡುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನ ದನಿಯಲ್ಲಿ ನೋವಿತ್ತು. ಹಿರಿಯ ಗುರುಗಳು ದೇಹ ಬಿಟ್ಟ ಮೇಲೆ ಮಠಕ್ಕೆ ಹೊಸಬರು ಬಂದಿದ್ದರು. ಸಂಜೆಯ ಪದಗಳನ್ನು ಅವರು ಬೇರೆ ಧಾಟಿಯಲ್ಲಿ ಹಾಡುತ್ತಿದ್ದರು. ಹಿಂದಿನ ದಿನ ಶಿಷ್ಯ ಎದ್ದು ನಿಂತು, ಹಾಡನ್ನು ನಡುವೆಯೇ ತಡೆದಿದ್ದ. ಹೊಸಬರಲ್ಲಿ ಇಬ್ಬರು ಊರಿಗೆ ಹೊರಡಲು ಗಂಟು ಕಟ್ಟಿದ್ದರು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಮದುವೆಯಾದ ಹೊಸದರಲ್ಲಿ ಅವನ ಮನೆಯಲ್ಲಿ ಸಾಮಾನು ಎಂದರೆ ಒಂದು ಹೊಲಿಗೆ ಯಂತ್ರ, ಒಂದು ಕಪಾಟು. ಬಟ್ಟೆ ತುಂಬಿ ಬರುತ್ತಿದ್ದ ಪೆಟ್ಟಿಗೆಗಳ ಹಲಗೆಯಿಂದ ಆ ಕಪಾಟು ಮಾಡಿಸಿದ್ದ. ಅದಕ್ಕೆ ಕೆತ್ತನೆಯಿಲ್ಲ, ಬಣ್ಣವಿಲ್ಲ. ನೆಂಟರು ಬಂದರೆ ಅವನ ಹೆಂಡತಿ ರುಕ್ಮಾ ನಾಚಿಕೊಂಡು ಅದರ ಮುಂದೆ ಒಂದು ಸೀರೆ ಇಳಿಬಿಡುತ್ತಿದ್ದಳು.

ಆಗ ಗಿರಣಿಯವರು ಬಟ್ಟೆಯ ಥಾನುಗಳಿಗೆ ಬಣ್ಣದ ಚಿತ್ರದ ಚೀಟಿ ಅಂಟಿಸಿ ಕಳುಹಿಸುವ ಕಾಲ. ನವಿಲು, ಆನೆ, ತಾವರೆ, ವೀಣೆ ಹಿಡಿದ ಹೆಂಗಸು. ದರ್ಜಿ ಆ ಚೀಟಿಗಳನ್ನು ನೀರು ಹಚ್ಚಿ ಬಿಡಿಸಿ ಮನೆಗೆ ತಂದ. ಸಂಜೆ ಅಂಗಡಿ ಮುಚ್ಚಿದ ಮೇಲೆ ಗಂಡ ಹೆಂಡತಿ ಎದುರುಬದುರು ಕೂತು ಚಿತ್ರಗಳನ್ನು ಕತ್ತರಿಸುತ್ತಿದ್ದರು. ಅಂಗಿ ಕತ್ತರಿಸಿ ರೂಢಿಯಾದ ಅವನ ಕೈಗೆ ಹಕ್ಕಿಯ ಕೊಕ್ಕು ಬಗ್ಗುತ್ತಿರಲಿಲ್ಲ. ರುಕ್ಮಾ ನಗುತ್ತಿದ್ದಳು. ಮೈದಾ ಅಂಟು ಕಾಯಿಸಿ, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಬೆರೆಸಿ, ಚಿತ್ರಗಳನ್ನು ಒಂದೊಂದಾಗಿ ಬಾಗಿಲಿಗೆ ಅಂಟಿಸುತ್ತಿದ್ದಳು. ಒಣಗಿದ ಮೇಲೆ ವಾರ್ನಿಷ್ ಬಳಿಯುತ್ತಿದ್ದಳು. ಆಮೇಲೆ ನೆಂಟರು ಬಂದರೆ ಕಪಾಟಿನ ಎದುರೇ ಚಾಪೆ ಹಾಸತೊಡಗಿದಳು.

ಹೀಗೆ ಅವರ ಕಾಲ ಕಳೆಯಿತು. ಮಗ ಹುಟ್ಟಿ ಬೆಳೆದ. ಗಿರಣಿಯವರು ಚೀಟಿ ಅಂಟಿಸುವುದನ್ನು ಬಿಟ್ಟರು. ಒಂದು ಚಳಿಗಾಲದಲ್ಲಿ ರುಕ್ಮಾ ತೀರಿಕೊಂಡಳು.

ಅಂದಿನಿಂದ ದರ್ಜಿ ಆ ಕಪಾಟನ್ನು ಕಾಯತೊಡಗಿದ. ಬಿಸಿಲು ಬೀಳದಂತೆ ಎದುರಿನ ಕಿಟಕಿ ಮುಚ್ಚಿಸಿದ. ದಿನವೂ ಮೆತ್ತನೆಯ ಬಟ್ಟೆಯಿಂದ ತಾನೇ ಒರೆಸುತ್ತಿದ್ದ. ಅವಳ ನಗು, ಅಂಟಿನ ವಾಸನೆ, ಆ ಸಂಜೆಗಳು, ಎಲ್ಲವೂ ಅದರೊಳಗೆ ಇವೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಮಗನಿಗೆ ಮದುವೆಯಾಯಿತು. ಸೊಸೆ ಸುಲೋಚನಾ ದೂರದ ಹೊಳೆದಂಡೆಯ ಊರಿನವಳು. ಹೊಸ ಮನೆಯಲ್ಲಿ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ತವರಿನಿಂದ ತಂದ ಕ್ಯಾಲೆಂಡರಿನಲ್ಲಿ ಒಂದು ದೋಣಿಯ ಚಿತ್ರವಿತ್ತು. ಒಂದು ಮಧ್ಯಾಹ್ನ ಅದನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದಳು. ಅಂಟು ಆರುವ ಮೊದಲೇ ಮಾವ ಬಂದ.

"ಇದನ್ನು ಅಂಟಿಸಿದ್ದು ಯಾರು?"

"ನಾನೇ, ಮಾವಾ. ನವಿಲಿನ ಗರಿ ಎದ್ದು ಬಂದಿತ್ತು. ಅದರ ಮೇಲೆ ಚೆನ್ನಾಗಿ ಕಂಡೀತು ಅಂತ."

"ಇದು ನಿನ್ನ ಅತ್ತೆಯ ಕಪಾಟು. ಇದರ ಮೇಲೆ ಇನ್ನೊಬ್ಬರ ಕೈ ಬೀಳಕೂಡದು" ಎಂದು ದರ್ಜಿ ದೋಣಿಯನ್ನು ಎಳೆದ. ದೋಣಿ ಹರಿಯಿತು. ಅದರ ಜೊತೆಗೆ ರುಕ್ಮಾ ಅಂಟಿಸಿದ್ದ ನವಿಲೂ ಅರ್ಧ ಕಿತ್ತು ಬಂತು.

ಸೊಸೆ ದೋಣಿಯ ಚೂರುಗಳನ್ನು ಸೆರಗಿನಲ್ಲಿ ಆರಿಸಿಕೊಂಡಳು. ಆ ಕಪಾಟಿನಲ್ಲಿದ್ದ ತನ್ನ ಸೀರೆಗಳನ್ನೆಲ್ಲ ತೆಗೆದು, ಬಂದ ದಿನದ ಹಾಗೆ ಮತ್ತೆ ತನ್ನ ಟ್ರಂಕಿಗೆ ತುಂಬಿದಳು. ಹೊತ್ತು ಹೊತ್ತಿಗೆ ಊಟ ಬಡಿಸಿದಳು. ಮಾವನ ಮುಖ ನೋಡಲಿಲ್ಲ.

ದರ್ಜಿ ನವಿಲನ್ನು ಸರಿಮಾಡಲು ಕಪಾಟಿನ ಮುಂದೆ ಕೂತ. ಆಗ ಅವನ ಕಣ್ಣಿಗೆ ಬಿತ್ತು. ನವಿಲು ಕಿತ್ತ ಜಾಗದಲ್ಲಿ ಹಲಗೆ ಇರಲಿಲ್ಲ, ಒಂದು ಹಂಸವಿತ್ತು. ಅದರ ಕುತ್ತಿಗೆ ಸೊಟ್ಟವಾಗಿತ್ತು. ಮದುವೆಯಾದ ವರ್ಷ ತಾನೇ ಕತ್ತರಿಸಿದ್ದು ಎಂದು ಅವನಿಗೆ ಆಗ ನೆನಪಾಯಿತು. ಅದು ಎಲ್ಲಿ ಹೋಯಿತೆಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಬಾಗಿಲಿನ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದ. ತಾವರೆಯ ಕೆಳಗೆ ಇನ್ನೊಂದು ತಾವರೆ, ಆನೆಯ ಕೆಳಗೆ ಇನ್ನೇನೋ ಹಸಿರು. ಮಗುವಿನ ಕೈ ತಾಗಿ ಹರಿದದ್ದು, ಒಲೆಯ ಹೊಗೆಗೆ ಮಾಸಿದ್ದು, ಎಲ್ಲದರ ಮೇಲೂ ಅವಳು ಹೊಸದನ್ನು ಅಂಟಿಸುತ್ತಲೇ ಬಂದಿದ್ದಳು. ತಾನು ಇಷ್ಟು ಕಾದ ಕಪಾಟನ್ನು ಅವಳು ಒಂದು ದಿನವೂ ಕಾದಿರಲಿಲ್ಲ.

ದರ್ಜಿ ಅತ್ತ. ಆ ಸೊಟ್ಟ ಕುತ್ತಿಗೆ ನೋಡಿ ಅಳುವಿನ ನಡುವೆಯೇ ಅವನಿಗೆ ನಗು ಬಂತು.

ಎದ್ದು ಅಡುಗೆಮನೆಗೆ ಹೋದ. ಮೈದಾ ಕಲಸಿ ಒಲೆಯ ಮೇಲಿಟ್ಟ. ಸೀದ ವಾಸನೆಗೆ ಸೊಸೆ ಓಡಿ ಬಂದಳು.

"ಏನು ಮಾಡುತ್ತಿದ್ದೀರಿ, ಮಾವಾ?"

"ಅಂಟು ಕಾಯಿಸುತ್ತಿದ್ದೇನೆ. ಕೈ ಬಿಡದೆ ತಿರುವಬೇಕಿತ್ತು. ನನಗೆ ಗೊತ್ತಿರಲಿಲ್ಲ, ಯಾವಾಗಲೂ ಅವಳೇ ಕಾಯಿಸುತ್ತಿದ್ದಳು."

ಸೊಸೆ ಅವನ ಕೈಯಿಂದ ಸೌಟು ತೆಗೆದುಕೊಂಡಳು.

"ನಿನ್ನ ದೋಣಿ ಹರಿದೆ, ತಾಯಿ. ತಪ್ಪಾಯಿತು. ಚೂರುಗಳನ್ನು ಎಸೆದುಬಿಟ್ಟೆಯಾ?"

ಅವಳು ಎಸೆದಿರಲಿಲ್ಲ. ಟ್ರಂಕಿನಿಂದ ತಂದಳು. ಇಬ್ಬರೂ ಕಪಾಟಿನ ಮುಂದೆ ಕೂತು ಚೂರುಗಳನ್ನು ಜೋಡಿಸಿದರು. ಹಂಸವನ್ನು ಕಂಡು ಅವಳ ಕೈ ನಿಂತಿತು.

"ಇದು ಅತ್ತೆಯದಲ್ಲವೇ? ಇದರ ಮೇಲೆ ಹೇಗೆ ಅಂಟಿಸಲಿ?"

"ಅದು ನನ್ನದು. ಕುತ್ತಿಗೆ ನೋಡಿದರೆ ತಿಳಿಯುವುದಿಲ್ಲವೇ? ಧೈರ್ಯವಾಗಿ ಅಂಟಿಸು."

ಸುಲೋಚನಾ ಆ ಮನೆಯಲ್ಲಿ ಮೊದಲ ಸಲ ಬಾಯ್ತುಂಬ ನಕ್ಕಳು. ವಾರ್ನಿಷ್ ಒಣಗಿದ ಮೇಲೆ ತನ್ನ ಸೀರೆಗಳನ್ನು ಕಪಾಟಿನಲ್ಲಿ ಜೋಡಿಸಿದಳು. ದರ್ಜಿ ಕಿಟಕಿ ತೆರೆದ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮನಸ್ಸು ಇನ್ನೂ ಒಪ್ಪಲಿಲ್ಲ.

"ಅದು ಬರಿಯ ಕಾಗದ, ಗುರುಗಳೇ. ಇದು ಹಿರಿಯ ಗುರುಗಳು ಹಾಡಿದ ಧಾಟಿ. ಇದೂ ಅಳಿದುಹೋಗಲಿ ಎನ್ನುತ್ತೀರಾ?"

ಗುರುಗಳು ಹೇಳಿದರು: "ಆ ಧಾಟಿಯಲ್ಲಿ ಹಿರಿಯ ಗುರುಗಳು ಇಲ್ಲಿ ಮೊದಲು ಹಾಡಿದ ಸಂಜೆ, ಎದ್ದು ನಿಂತು ನಡುವೆಯೇ ತಡೆದವರು ಅವರ ಗುರುಗಳು."