ಆರಿದ್ದೇನೆ ಎಂದ ಬೀಕರು

ಬೇಸಿಗೆ ರಜೆಯಲ್ಲಿ ಕೆಲಸ ಕಲಿಯಲೆಂದು ಹೊಸ ಗಾಜಿನ ಬೀಕರೊಂದು ವಿಶ್ವವಿದ್ಯಾಲಯದ ರಸಾಯನ ಪ್ರಯೋಗಾಲಯಕ್ಕೆ ಬಂದಿತು. ಮೊದಲ ದಿನವೇ ನೀರು ತುಂಬಿ ಒಲೆಯ ಮೇಲೆ ಕೂರಿಸಿದರು. ತಪ್ಪಿದರೆ ಉಗ್ರಾಣಕ್ಕೆ ವಾಪಸು ಕಳಿಸುತ್ತಾರೆಂಬ ಭಯ ನೀರಿಗಿಂತ ಮೊದಲೇ ಅದರ ಹೊಟ್ಟೆಯೊಳಗೆ ಕುದಿಯುತ್ತಿತ್ತು.

ನೀರನ್ನು ಬಸಿದಾದ ಮೇಲೆ ಹಿರಿಯ ಇಕ್ಕಳ ಕೇಳಿತು: "ಮಗಳೇ, ಇನ್ನೂ ಬಿಸಿ ಇದ್ದೀಯಾ? ಬಿಸಿ ಗಾಜೂ ತಣ್ಣನೆಯ ಗಾಜೂ ನೋಡಲು ಒಂದೇ. ನನ್ನ ಕಬ್ಬಿಣದ ಕೈಗೂ ತಿಳಿಯದು. ನೀನೇ ಹೇಳಬೇಕು."

ಹೊಸ ಬೀಕರು ಪಕ್ಕದ ಸಾಲನ್ನು ನೋಡಿತು. ಉಳಿದ ಬೀಕರುಗಳೆಲ್ಲ ತಣ್ಣಗೆ ಕೂತಿದ್ದವು. ಬಿಸಿ ಎಂದರೆ ಅವು ನಗುವುದಿಲ್ಲವೇ?

"ಇಲ್ಲಮ್ಮ, ಆಗಲೇ ಆರಿದ್ದೇನೆ," ಎಂದಿತು.

"ಜಾಣೆ! ಹಾಗಾದರೆ ತೊಳೆದೇಬಿಡೋಣ," ಎಂದು ಇಕ್ಕಳ ಅದನ್ನು ನಲ್ಲಿಯ ಕೆಳಗೆ ಹಿಡಿಯಿತು. ತಣ್ಣೀರು ಬಿದ್ದದ್ದೇ ತಡ, ತಳ ಟಪ್ಪೆಂದು ಬಿರಿಯಿತು.

"ಬಿಸಿ ಎಂದಿದ್ದರೆ ಹಲಗೆಯ ಮೇಲೆ ಆರಲು ಬಿಡುತ್ತಿದ್ದೆನಲ್ಲೇ!"

"ಅವರೆಲ್ಲ ಅಷ್ಟು ತಣ್ಣಗಿದ್ದರಲ್ಲಮ್ಮ," ಎಂದು ಬೀಕರು ಬಿಕ್ಕಿತು. "ನಾನೊಬ್ಬಳೇ ಬಿಸಿ ಇದ್ದೇನೆ ಎಂದು ಹೇಗೆ ಹೇಳಲಿ?"

"ಅವರು ಇವತ್ತು ಒಲೆಯ ಹತ್ತಿರವೇ ಹೋಗಿಲ್ಲ ಕಣೇ," ಎಂದು ಇಕ್ಕಳ ಅದನ್ನು ಮೆಲ್ಲನೆ ಒಡಕು ಗಾಜಿನ ಬುಟ್ಟಿಗೆ ಇಳಿಸಿತು.